ಗುತ್ಯಮ್ಮನ ಆಡು, ಮಗಳ ಮಾತು

ಶಿಕಾರಿಪುರಕ್ಕೆ ಬಂದು ಸಾಮಾನಿನ ಗಂಟುಗಳನ್ನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಒಂದು ಬೆಳಿಗ್ಗೆ ಯಾರೋ ವಯಸ್ಸಾದ ಹೆಂಗಸು ಕರಿ ಆಡೊಂದನ್ನು ಎಳೆದುಕೊಂಡು ಬಂದು ನಮ್ಮ ಗೇಟಿನ ಸರಳಿಗೆ ಕಟ್ಟಿಬಿಟ್ಟರು. ನಾನು ಕೈಗೆ ಹಿಟ್ಟು ಮೆತ್ತಿಕೊಂಡೇ ಬಾಗಿಲಿಗೆ ಬಂದೆ. ಅವರು ನನ್ನ ಕಡೆ ನೋಡಲೇ ಇಲ್ಲ. ನನ್ನ ಬೆನ್ನ ಹಿಂದೆ ನಿಂತಿದ್ದ ಒಂಬತ್ತು ವರ್ಷದ ಮಗಳು ಮೈತ್ರಿಯನ್ನು ಕೇಳಿದರು.

“ಏನ್ ತಂಗೀ, ಸಾಕ್ತೀಯಾ?”

ಮಗಳು ಹೂಂ ಅಂದಳು.

“ದಿನಾ ಸೊಪ್ಪು ತರ್ಬೇಕು. ಮಳೆ ಬಂದ್ರೂ ತರ್ಬೇಕು. ಆಮ್ಯಾಕೆ ಬ್ಯಾಸರಾತು ಅಂದ್ರೆ ನಡಿಯಂಗಿಲ್ಲ.”

ಅದಕ್ಕೂ ಹೂಂ. ಒಲೆಯ ಮೇಲೆ ಹಾಲು ಉಕ್ಕುವ ವಾಸನೆ ಬಂತೆಂದು ನಾನು ಒಳಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಅವರಿಬ್ಬರೂ ಗೇಟಿನ ಹತ್ತಿರ ಏನೋ ಗಹನವಾದ ಮಾತು ಮುಗಿಸಿದ್ದರು. ಆ ಹೆಂಗಸು ಹೊರಟುಹೋಗಿದ್ದರು. ಆಡು ನಮ್ಮ ಕಾಲೊರೆಸುವ ಚಾಪೆಯನ್ನು ತಿನ್ನುತ್ತಿತ್ತು.

ಡೊಂಬಿವಲಿಯ ಗೆಳತಿಯರೇ, ನೀವೇ ಹೇಳಿ. ನಮ್ಮ ಕಟ್ಟಡದಲ್ಲಿ ಕೊರಿಯರ್ ಹುಡುಗ ಮಗುವಿನ ಕೈಗೆ ಒಂದು ಲಕೋಟೆ ಕೊಡುವುದಿಲ್ಲ, ದೊಡ್ಡವರನ್ನು ಕರಿ ಎನ್ನುತ್ತಾನೆ. ಇಲ್ಲಿ ನನ್ನ ಮನೆ ಬಾಗಿಲಲ್ಲೇ, ನನ್ನ ಕಣ್ಣೆದುರಿಗೇ, ನನ್ನನ್ನು ಒಂದು ಮಾತೂ ಕೇಳದೆ ನನ್ನ ಮಗಳಿಗೆ ಜೀವಂತ ಆಡನ್ನು ಕೊಟ್ಟು ಹೋದರು. ಮೈಯೆಲ್ಲ ಉರಿದುಹೋಯಿತು. ಗಂಡನಿಗೆ ಫೋನು ಮಾಡಿದರೆ ಅವರು ನಕ್ಕರು. ಅದರಿಂದ ಇನ್ನಷ್ಟು ಉರಿಯಿತು.

ನಾವು ಇಲ್ಲಿಗೆ ಬಂದದ್ದು ಗಂಡನ ಕೆಲಸದಿಂದ. ಅವರು ಮೆಕ್ಕೆಜೋಳದ ಬೀಜದ ಕಂಪನಿಯೊಂದರಲ್ಲಿದ್ದಾರೆ. ರೈತರ ಹೊಲದಲ್ಲೇ ಇದ್ದು ಬೀಜ ಬೆಳೆಸುವುದನ್ನು ನೋಡಿಕೊಳ್ಳಬೇಕೆಂದು ಕಳಿಸಿದರು. ನನ್ನ ಅಜ್ಜ ಕರಾವಳಿಯಿಂದ ಮುಂಬಯಿಗೆ ಹೋದವರು. ನಾನು ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಎಲ್ಲ ಅಲ್ಲಿಯ ಡೊಂಬಿವಲಿಯಲ್ಲೇ. ಕರ್ನಾಟಕವೆಂದರೆ ನನಗೆ ಬೇಸಗೆ ರಜೆ, ಅಷ್ಟೆ. ಕನ್ನಡ ಬರುತ್ತದೆಂಬ ಧೈರ್ಯದ ಮೇಲೆ ಬಂದೆ. ಇಲ್ಲಿ ತರಕಾರಿಯವನ ಮುಂದೆ “ಇದರ ಬೆಲೆ ಎಷ್ಟು?” ಎಂದರೆ ಪಕ್ಕದಲ್ಲಿ ನಿಂತವರು ತಿರುಗಿ ನೋಡುತ್ತಾರೆ. “ಪುಸ್ತಕ ಓದ್ದಂಗೆ ಮಾತಾಡ್ತಾರ್ ನೋಡ್ರೀ” ಎಂದು ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ಮಗಳ ಕನ್ನಡವೋ, ಅರ್ಧ ಮರಾಠಿ, ಕಾಲು ಹಿಂದಿ. ಶಾಲೆಯಲ್ಲಿ ಅವಳ ಜೊತೆ ಯಾರೂ ಕೂರುತ್ತಿರಲಿಲ್ಲ. ಸಂಜೆ ಮನೆಗೆ ಬಂದು ನಾಲ್ಕು ಮನೆ ಆಚೆಗಿನ ಕೊಟ್ಟಿಗೆಯ ಮುಂದೆ ಹೋಗಿ ನಿಲ್ಲುತ್ತಿದ್ದಳಂತೆ. ಆ ಕೊಟ್ಟಿಗೆಯೇ ಆಡು ತಂದುಕೊಟ್ಟ ಗುತ್ಯಮ್ಮನವರದು. ಸೊರಬದ ಕಡೆಯಿಂದ ಮದುವೆಯಾಗಿ ಬಂದವರು. ಆ ಕಡೆ ಚಂದ್ರಗುತ್ತಿಯ ದೇವಿಯ ಹೆಸರನ್ನು ಮಕ್ಕಳಿಗಿಡುವುದು ವಾಡಿಕೆ, ಹಾಗಾಗಿ ಗುತ್ಯಪ್ಪ, ಗುತ್ಯಮ್ಮ. ಅವರು ನನ್ನ ಮಗಳನ್ನು ದಿನವೂ ಗಮನಿಸಿದ್ದರು. ನಾನು ಗಮನಿಸಿರಲಿಲ್ಲ, ಗಂಟು ಬಿಚ್ಚುತ್ತಿದ್ದೆ.

ಮನೆಯ ಮಾತಿಗೆ ಬಂದರೆ, ಇಲ್ಲಿ ನಾವಿರುವ ಬಾಡಿಗೆ ಮನೆ ನಮ್ಮ ಫ್ಲ್ಯಾಟಿನ ಎರಡರಷ್ಟಿದೆ. ಮುಂದೆ ಕಟ್ಟೆ, ಹಿಂದೆ ತೆಂಗಿನ ಮರ, ಬಾವಿ. ಬಾಗಿಲು ಹಾಕಿದರೆ “ಯಾಕ್ರೀ, ಮೈಯಾಗೆ ಹುಷಾರಿಲ್ವಾ?” ಎಂದು ಕೇಳಲು ಬರುತ್ತಾರೆ. ಬಂದವರು ನೆಟ್ಟಗೆ ಅಡುಗೆಮನೆಯವರೆಗೂ ಬರುತ್ತಾರೆ, ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆ. ಡೊಂಬಿವಲಿಯಲ್ಲಿ ಎದುರು ಮನೆಯವರ ಹೆಸರು ಗೊತ್ತಾಗಲು ನನಗೆ ವರ್ಷಗಳೇ ಹಿಡಿದಿದ್ದವು. ಇಲ್ಲಿ ನನ್ನ ಅತ್ತೆಗೆ ಸಕ್ಕರೆ ಕಾಯಿಲೆಯಿರುವುದು ಹಾಲಿನವರಿಗೂ ಗೊತ್ತು. ಎರಡರಲ್ಲಿ ಯಾವುದು ಒಳ್ಳೆಯದೆಂದು ಕೇಳಬೇಡಿ. ಒಂದೊಂದು ದಿನ ಒಂದೊಂದು ಅನ್ನಿಸುತ್ತದೆ.

ಊಟ ಮಾತ್ರ ಮಗಳಿಗೆ ಬಹಳ ಕಷ್ಟವಾಯಿತು. ಸಂಜೆಯಾದರೆ ವಡಾಪಾವ್ ಬೇಕು. ಇಲ್ಲಿ ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮೊದಲ ದಿನ ಬಜ್ಜಿ ಕಚ್ಚಿ ಖಾರ ತಡೆಯಲಾರದೆ ಅತ್ತಳು. ಈಗ ನನ್ನ ಪಾಲಿನದನ್ನೂ ತಿನ್ನುತ್ತಾಳೆ. ಆದರೆ ಮಳೆಗಾಲದಲ್ಲಿ ಕರಿ ಆಡು ಎರಡು ಮರಿ ಹಾಕಿದಾಗ ಅವಳು ಇಟ್ಟ ಹೆಸರು ಕೇಳಿ: ಹೆಣ್ಣುಮರಿ ವಡಾ, ಗಂಡುಮರಿ ಪಾವ್. ಕೇರಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಡಿಗೆ ಹೆಸರಿಡುವುದೇ ಇಲ್ಲಿ ನಗೆಯ ವಿಷಯ. ಅದರಲ್ಲೂ ತಿಂಡಿಯ ಹೆಸರು!

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಮಕ್ಕಳಿಗೆ ಸಾಕಲು ಪ್ರಾಣಿ ಕೊಡಬೇಕೇ, ಬೇಡವೇ? ಡೊಂಬಿವಲಿಯ ಶಾಲೆಯ ಪಾಲಕರ ಸಭೆಯಲ್ಲಿ ಆಪ್ತಸಮಾಲೋಚಕಿ ಎಷ್ಟು ಚೆನ್ನಾಗಿ ಮಾತಾಡಿದ್ದರೆಂದು ನಿಮಗೂ ನೆನಪಿರಬಹುದು. ಪ್ರಾಣಿ ಸಾಕಿದರೆ ಮಗುವಿಗೆ ಜವಾಬ್ದಾರಿ ಬರುತ್ತದೆ, ಕರುಣೆ ಬರುತ್ತದೆ, ಮೊಬೈಲಿನ ಹುಚ್ಚು ಬಿಡುತ್ತದೆ. ಎಲ್ಲರೂ ತಲೆಯಾಡಿಸಿದೆವು. ಆಮೇಲೆ ನಾವೆಲ್ಲ ಮಾಡಿದ್ದೇನು? ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ಒಂದೊಂದು ಕೆಂಪು ಮೀನು ಉಡುಗೊರೆ ಕೊಟ್ಟೆವಲ್ಲ, ಆ ಮೀನುಗಳು ಏನಾದವು? ಸತ್ತವು. ಸತ್ತ ಮೀನನ್ನು ಮಗು ಏಳುವ ಮೊದಲೇ ಕಕ್ಕಸಿಗೆ ಸುರಿದು, ಅದೇ ಬಣ್ಣದ ಇನ್ನೊಂದನ್ನು ತಂದು ಬಿಟ್ಟ ತಾಯಂದಿರು ನಮ್ಮ ಕಟ್ಟಡದಲ್ಲೇ ಇದ್ದಾರೆ. ಆ ಮಕ್ಕಳು ಇವತ್ತಿಗೂ ಅದೇ ಮೀನು ಎಂದುಕೊಂಡಿದ್ದಾರೆ! ಕೆಳಗಿನ ಮಹಡಿಯ ಹುಡುಗನಿಗೆ ನಾಯಿಮರಿ ತಂದರು. ಅದನ್ನು ತಿರುಗಾಡಿಸಲು ಸಂಬಳದ ಆಳು. ಹುಡುಗ ಹತ್ತನೇ ತರಗತಿಗೆ ಬಂದ ಕೂಡಲೇ ಓದಿಗೆ ತೊಂದರೆಯೆಂದು ನಾಯಿಯನ್ನು ಯಾರಿಗೋ ಕೊಟ್ಟರು. ಹುಡುಗ ಟ್ಯೂಷನ್ನಿನಿಂದ ಬರುವಷ್ಟರಲ್ಲಿ ನಾಯಿ ಇರಲಿಲ್ಲ. ಇದೇ ಏನು ಜವಾಬ್ದಾರಿಯ ಪಾಠ? ಬೇಕಾದಾಗ ತರುವುದು, ಬೇಡವಾದಾಗ ಬಿಡುವುದು, ನಡುವೆ ಮಗುವಿಗೆ ಸುಳ್ಳು ಹೇಳುವುದು. ನಾವು ಕಲಿಸಿದ್ದು ಇಷ್ಟೇ.

ಇಲ್ಲಿ ಹಾಗಿಲ್ಲ ಎಂದು ಹೊಗಳಲು ಹೊರಟೆ ಎಂದುಕೊಂಡಿರಾ? ತಡೆಯಿರಿ.

ಮಗಳು ನಿಜಕ್ಕೂ ಸಾಕಿದಳು. ಶಾಲೆಗೆ ಹೋಗುವ ಮೊದಲು ಸೊಪ್ಪು, ಬಂದ ಮೇಲೆ ಸೊಪ್ಪು. ಹಲಸಿನ ಸೊಪ್ಪು ಆಡಿಗೆ ಪ್ರೀತಿ, ಒದ್ದೆ ಹುಲ್ಲು ಹಾಕಬಾರದು, ಮರಿ ಹಾಕಿದ ಆಡಿಗೆ ಬಿಸಿನೀರು ಕುಡಿಸಬೇಕು ಎಂಬುದೆಲ್ಲ ಅವಳಿಗೆ ಗೊತ್ತಾಯಿತು. ಶಾಲೆಯಿಂದ ತಾಳಗುಂದಕ್ಕೆ ಕರೆದುಕೊಂಡು ಹೋದಾಗ ಎಲ್ಲ ಮಕ್ಕಳೂ ಶಾಸನದ ಕಂಬ ನೋಡಿದರೆ, ಇವಳು ಆಸುಪಾಸಿನ ಗಿಡ ನೋಡಿ ಬಂದಳಂತೆ. ಚೀಲದ ತುಂಬ ಸೊಪ್ಪು ತಂದಿದ್ದಳು. ಸುಗ್ಗಿಯಲ್ಲಿ ಇಲ್ಲಿ ಮೆಕ್ಕೆಜೋಳವನ್ನು ರಸ್ತೆಯ ಮೇಲೇ ಒಣಗಲು ಹರವುತ್ತಾರೆ. ಒಂದು ದಿನ ಕರಿ ಆಡು ಹಗ್ಗ ಬಿಚ್ಚಿಕೊಂಡು ಹೋಗಿ ಯಾರದೋ ಕಾಳಿಗೆ ಬಾಯಿ ಹಾಕಿತು. ಕಾಳಿನ ಯಜಮಾನ ಕೂಗಾಡಿಕೊಂಡು ಬಂದ. ನಾನು ಬಾಗಿಲಿಗೆ ಸರಿದು ನಿಂತರೆ ಮಗಳು ಮುಂದೆ ಹೋದಳು.

“ತಪ್ಪಾತು ಕಣಣ್ಣ. ನಾನೇ ಹಗ್ಗ ಸಡ್ಲ ಕಟ್ಟಿದ್ದೆ. ನಿನ್ ಜೋಳ ಎಲ್ಲ ಗುಡ್ಡೆ ಹಾಕಿ ಕೊಡ್ತೀನಿ, ಆಡಿಗೆ ಮಾತ್ರ ಹೊಡೀಬ್ಯಾಡ.”

ಒಂದೇ ಒಂದು ಮರಾಠಿ ಶಬ್ದವಿಲ್ಲ! ಆತ ನನ್ನ ಮುಖ ನೋಡಿ “ಇದು ನಿಮ್ ಮಗಳಾ?” ಎಂದು ಕೇಳಿದ. ಆ ಸಂಜೆ ಅವಳು ನಿಜವಾಗಿಯೂ ಪೊರಕೆ ಹಿಡಿದು ಜೋಳ ಗುಡ್ಡೆ ಹಾಕಿ ಬಂದಳು. ಅಲ್ಲಿಂದ ಮುಂದೆ ಅವಳ ಜೊತೆ ಆಡಲು ಮಕ್ಕಳು ನಮ್ಮ ಕಟ್ಟೆಗೆ ಬರತೊಡಗಿದರು. ನನಗೆ ಇನ್ನೂ ಗೆಳತಿಯರಿರಲಿಲ್ಲ. ಹೊಟ್ಟೆಕಿಚ್ಚಾಯಿತೆಂದು ಹೇಳಿದರೆ ತಾಯಿಯೆಂಬ ಮರ್ಯಾದೆ ಹೋಗುತ್ತದೆ, ಆದರೂ ಆಯಿತು.

ಮರಿಗಳು ಹಾಲು ಬಿಟ್ಟು ಸೊಪ್ಪು ತಿನ್ನತೊಡಗಿದ ಮೇಲೆ, ಚಳಿಗಾಲದ ಒಂದು ಭಾನುವಾರ ಗುತ್ಯಮ್ಮನವರು ಬಂದು ಕಟ್ಟೆಯ ಮೇಲೆ ಕೂತರು. ಎಲೆಯಡಿಕೆ ಹಾಕಿಕೊಂಡು ಮಗಳನ್ನು ಕರೆದರು.

“ಪಾಲು ಮಾಡಾಣೇನ್ ತಂಗೀ?”

ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಈ ಸೀಮೆಯಲ್ಲಿ ಆಡನ್ನೋ ಹಸುವನ್ನೋ “ಪಾಲಿಗೆ” ಕೊಡುವ ಪದ್ಧತಿಯಿದೆ. ಆಡು ಕೊಟ್ಟವರದೇ, ಸಾಕುವುದು ಇನ್ನೊಬ್ಬರು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಸಮಪಾಲು. ಸಾಕಿದವರು ಪಾಲು ವಿಂಗಡಿಸಿ ಮುಂದಿಡಬೇಕು, ಕೊಟ್ಟವರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಬೇಕು. ಇದು ದೊಡ್ಡವರು ತಮ್ಮತಮ್ಮೊಳಗೆ ಮಾಡಿಕೊಳ್ಳುವ ಕರಾರು. ಗುತ್ಯಮ್ಮನವರು ಅದನ್ನು ನನ್ನ ಒಂಬತ್ತು ವರ್ಷದ ಮಗಳ ಜೊತೆ, ಗೇಟಿನ ಹತ್ತಿರ, ನಾನು ಹಾಲು ಇಳಿಸಲು ಹೋಗಿದ್ದಾಗ ಮಾಡಿಕೊಂಡಿದ್ದರು!

“ಎರಡೇ ಮರಿ ಐತಲ್ಲ, ಈ ಕಡೆ ಒಂದು, ಆ ಕಡೆ ಒಂದು. ನಂಗೆ ಗಂಡುಮರಿ ಬೇಕವ್ವ” ಎಂದರು ಗುತ್ಯಮ್ಮ. “ಸೊರಬದಾಗೆ ನಮ್ಮಕ್ಕನ ಮೊಮ್ಮಗಂಗೆ ಜ್ವರ ಬಂದಿತ್ತು. ಚೌಡಮ್ಮಂಗೆ ಹೋತ ಕೊಡ್ತೀನಿ ಅಂತ ಹರಕೆ ಹೊತ್ತಾಳೆ.”

ಅಂದರೆ ಪಾವ್‌ನನ್ನು ಕಡಿಯುತ್ತಾರೆ. ನಾನು ಎದ್ದು ನಿಂತೆ. ಬಾಯಿಗೆ ಬಂದದ್ದೆಲ್ಲ ಅಂದೆ. ಮಗುವಿನ ಕೈಯಲ್ಲಿ ಮುದ್ದು ಮಾಡಿಸಿ ಈಗ ಕತ್ತಿಗೆ ಕೊಡುತ್ತೀರಾ, ನಿಮಗೆ ಮನಸ್ಸು ಎಂಬುದಿದೆಯೇ, ಅವಳಿಗೇನು ಗೊತ್ತು ಕರಾರು ಗಿರಾರು, ಬೇಕಾದರೆ ಮರಿಯನ್ನು ನಾವೇ ಕೊಂಡುಕೊಳ್ಳುತ್ತೇವೆ ಎಂದೆ.

ಗುತ್ಯಮ್ಮ ಪೂರ್ತಿ ಕೇಳಿಸಿಕೊಂಡರು. “ಪಾಲಿನ ಮಾತಿಗೆ ದುಡ್ಡು ತರಬ್ಯಾಡ್ರೀ. ಎಲ್ಲ ಹೇಳೇ ಕೊಟ್ಟಿದ್ದೆ, ಕೇಳ್ರೀ ನಿಮ್ ಮಗಳ್ನ. ನೀವೇನು ಮೀನು ಕೋಳಿ ತಿನ್ನಂಗಿಲ್ಲೇನ್ರೀ?”

ತಿನ್ನುತ್ತೇವೆ. ಕರಾವಳಿಯವರು ನಾವು, ಮೀನಿಲ್ಲದೆ ಅನ್ನ ಇಳಿಯುವುದಿಲ್ಲ. ಹಾಗೆಂದು ಸಿಟ್ಟು ಇಳಿಯುತ್ತದೆಯೇ? ಇನ್ನೂ ಏರಿತು. ಮಗಳ ಕಡೆ ತಿರುಗಿದೆ.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು ಅಮ್ಮ.” ಅವಳ ಕಣ್ಣು ತುಂಬಿತ್ತು, ಆದರೆ ದನಿ ನಡುಗಲಿಲ್ಲ. “ಅಜ್ಜಿ ಅವತ್ತೇ ಹೇಳಿದ್ರು. ಒಂದು ನಂದು, ಒಂದು ಅವ್ರದು. ಪಾಲು ಮಾಡೋಳು ನಾನು.”

ಆಮೇಲೆ ಪಾವ್‌ನನ್ನು ಎತ್ತಿಕೊಂಡು ಬಂದು ಕಟ್ಟೆಯ ಒಂದು ತುದಿಗೆ ನಿಲ್ಲಿಸಿದಳು. ವಡಾಳನ್ನು ಇನ್ನೊಂದು ತುದಿಗೆ ನಿಲ್ಲಿಸಿ, ಅದರ ಬೆನ್ನ ಮೇಲೆ ಕೈಯಿಟ್ಟು ಹೇಳಿದಳು.

“ಅಜ್ಜೀ, ಆ ಪಾಲಿಗೆ ಪಾವ್ ಒಂದೇ. ಈ ಪಾಲಿಗೆ ವಡಾ, ಮತ್ತೆ ಕರಿ ಆಡು ಮುಂದಿನ ಸಲ ಹಾಕೋ ಮರಿ ಎಲ್ಲ. ಎಷ್ಟು ಹಾಕಿದ್ರೂ ಎಲ್ಲಾ ಈ ಪಾಲಿಗೆ. ಸಾಕೋಳು ನಾನೇ. ಈ ಪಾಲು ನೀವು ತಗೊಂಡ್ರೆ ನಂಗೆ ಅದ್ರಲ್ಲಿ ಒಂದೂ ಬೇಡ. ಈಗ ನೀವು ಆರಿಸ್ಕೊಳ್ಳಿ.”

ಗುತ್ಯಮ್ಮ ಎಲೆ ಜಗಿಯುವುದನ್ನು ನಿಲ್ಲಿಸಿದರು. ಗಂಡುಮರಿ ಇವತ್ತಿನ ಹರಕೆಗೆ ಆಗುತ್ತದೆ, ಅಷ್ಟೆ. ಹೆಣ್ಣುಮರಿಯೆಂದರೆ ನಾಳಿನ ಹಿಂಡು, ಅದರ ಮೇಲೆ ಮುಂದಿನ ಮರಿಗಳೂ ಸೇರಿದರೆ ಯಾವ ಬುದ್ಧಿ ನೆಟ್ಟಗಿರುವವರೂ ಪಾವ್‌ನನ್ನು ಮುಟ್ಟುವುದಿಲ್ಲ. ಅವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ದೊಡ್ಡದಾಗಿ ನಕ್ಕುಬಿಟ್ಟರು.

“ಏ ಪೋರೀ! ಎಂಥಾ ಪಾಲು ಮಾಡ್ತೀಯೇ! ಆತು, ನಂಗೆ ಇದೇ ಇರ್ಲಿ.” ವಡಾಳ ಕಿವಿ ಹಿಡಿದರು. “ಹರಕೆಗೆ ನಮ್ಮಕ್ಕ ಆ ಕಡೇನೇ ಬ್ಯಾರೆ ಹೋತ ನೋಡ್ಕಂತಾಳೆ.”

ನಾನು ಮಗಳನ್ನು ಬಿಗಿಯಾಗಿ ಅಪ್ಪಿಕೊಂಡೆ, ಗೆದ್ದೆವು ಎಂದೆ. ಅವಳು ಸಂಜೆ ಸೊಪ್ಪು ಕಟ್ಟುತ್ತ ಕೇಳಿದಳು: “ಆ ಬೇರೆ ಹೋತನ್ನ ಸಾಕಿದ್ದು ಯಾರಮ್ಮ?” ನನಗೆ ಗೊತ್ತಿಲ್ಲ ಎಂದೆ. ಮೀನಿನ ಬಣ್ಣ ನೋಡಿ ಬದಲಾಯಿಸುವ ತಾಯಂದಿರನ್ನು ಮೇಲೆ ಬೈದೆನಲ್ಲ, ಆ ಕ್ಷಣಕ್ಕೆ ನನಗೂ ಯಾವುದಾದರೂ ಸುಳ್ಳು ಸಿಕ್ಕರೆ ಸಾಕಾಗಿತ್ತು.

ಬೇಸಗೆ ಬರುತ್ತಿದ್ದಂತೆ ಗಂಡನಿಗೆ ಮುಂಬಯಿ ಆಫೀಸಿನಿಂದ ಕರೆ ಬಂತು. ವಾಪಸು ಹೋಗಬೇಕು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಲೋಕಲ್ ರೈಲಿನ ನೂಕುನುಗ್ಗಲೂ ನೆನಪಾಗಿ ಕಣ್ಣಲ್ಲಿ ನೀರು ಬಂತು. ನಾದಿನಿಗೆ ಫೋನು ಮಾಡಿ ಫ್ಲ್ಯಾಟಿಗೆ ಸುಣ್ಣ ಬಣ್ಣ ಮಾಡಿಸಲು ಹೇಳಿದೆ. ಮಗಳ ಮುಖ ಮಾತ್ರ ಸಣ್ಣಗಾಯಿತು. ಕರಿ ಆಡು ಮತ್ತೆ ಗಬ್ಬವಾಗಿತ್ತು, ಮಳೆಗಾಲದಲ್ಲಿ ಈಯಬೇಕಿತ್ತು. ಆ ಮರಿಗಳನ್ನೂ ಸಾಕುತ್ತೇನೆಂದು ಅವಳು ಮಾತು ಕೊಟ್ಟಿದ್ದಳು; ಅವು ಹಾಲು ಬಿಡುವವರೆಗೆ ಎಂದರೆ ಮತ್ತೆ ಚಳಿಗಾಲ.

ಗುತ್ಯಮ್ಮನವರಿಗೆ ಹೇಳಿದರೆ ಆದೀತು ಎಂದು ನಾನೇ ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಪಾವ್ ನಾಯಿಯಂತೆ ಹಿಂದೆಯೇ ಬಂತು. ವಿಷಯ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು, ಬಹಳ ಪ್ರೀತಿಯಿಂದ ಹೇಳಿದರು:

“ಹೋಗ್ಲಿ ಬಿಡ್ರೀ ಅಕ್ಕಾರೆ. ಹೋಗೋರು ಹೋಗ್ಲೇಬೇಕು. ಹುಡುಗ್ರು ಏನೋ ಅಂತಾವೆ, ಅದನ್ನ ಹಿಡ್ಕಂಡು ಕೂರಾಕಾಗ್ತದಾ? ಆಡು ನಾನೇ ಹೊಡ್ಕಂಡ್ ಬರ್ತೀನಿ. ಗಂಡುಮರೀನೂ ನೋಡ್ಕಂತೀನಿ, ಕಡಿಯಲ್ಲ, ಚೌಡಮ್ಮನಾಣೆ.”

ಇದಕ್ಕಿಂತ ಇನ್ನೇನು ಬೇಕು? ನಾನು ಹೊರಡಲು ತಿರುಗಿದೆ. ಆಗ ಮಗಳು ಪಾವ್‌ನ ಕುತ್ತಿಗೆಯ ಹಗ್ಗ ಹಿಡಿದು, ಅದನ್ನು ಗುತ್ಯಮ್ಮನವರ ಕೊಟ್ಟಿಗೆಯ ಗೂಟಕ್ಕೆ ಕಟ್ಟತೊಡಗಿದಳು.

“ಇದ್ಯಾಕವ್ವ?”

“ನಾನು ಸಾಕಲ್ಲ ಅಂದ್ರೆ ಪಾಲು ಸುಳ್ಳಾಯ್ತಲ್ಲ ಅಜ್ಜಿ. ಪಾಲು ಸುಳ್ಳಾದ್ರೆ ಪಾವ್ ನಂದಲ್ಲ. ನೀವು ಅವತ್ತು ಕೇಳಿದ್ದು ಇದನ್ನೇ ಅಲ್ವಾ?” ಗಂಟು ಬಿಗಿ ಮಾಡಿದಳು. ಈ ಸಲ ದನಿ ಒಡೆಯಿತು. “ಏನು ಬೇಕಾದ್ರೂ ಮಾಡ್ಕೊಳ್ಳಿ.”

ನನಗೆ ಬಂದ ಸಿಟ್ಟು ಯಾರ ಮೇಲೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಎದುರಿಗಿದ್ದವರು ಗುತ್ಯಮ್ಮ, ಹಾಗಾಗಿ ಅವರ ಮೇಲೆ ಹರಿಹಾಯ್ದೆ. ಹುಡುಗರು ಏನೋ ಅಂತಾವೆ ಎಂದರೇನು ಅರ್ಥ? ಗೇಟಿಗೆ ಆಡು ಕಟ್ಟಿದ ದಿನ ಅವಳು ಹುಡುಗಿಯಾಗಿರಲಿಲ್ಲವೇ? ಅವತ್ತು ನನ್ನನ್ನು ಬಿಟ್ಟು ಅವಳ ಮಾತನ್ನೇ ನಂಬಿದವರು ನೀವು. ಮಳೆ ಬಂದರೂ ಸೊಪ್ಪು ತರಬೇಕು, ಬೇಸರವಾಯಿತು ಅಂದರೆ ನಡೆಯುವುದಿಲ್ಲ ಎಂದವರು ನೀವು. ಅವಳು ಒಂದು ದಿನ ತಪ್ಪಿಸಿದಳೇ? ಇಡೀ ಊರಿನಲ್ಲಿ, ಇಡೀ ಮುಂಬಯಿಯಲ್ಲಿ, ನನ್ನ ಮಗಳ ಮಾತನ್ನು ದೊಡ್ಡವರ ಮಾತಿನಂತೆ ಲೆಕ್ಕಕ್ಕೆ ತೆಗೆದುಕೊಂಡವರು ನೀವೊಬ್ಬರೇ. ಈಗ ನೀವೂ ಹೀಗಂದರೆ ಅವಳು ಯಾರನ್ನು ನಂಬಬೇಕು?

ಪಾಪ, ಅವರು ಬೆಪ್ಪಾಗಿ ನಿಂತರು. ಚಳಿಗಾಲದಲ್ಲಿ ಕರಾರು ಮಾಡಿದ್ದಕ್ಕೆ ಬೈದವಳೂ ನಾನೇ, ಬೇಸಗೆಯಲ್ಲಿ ಕರಾರು ಬಿಟ್ಟುಕೊಟ್ಟದ್ದಕ್ಕೆ ಬೈದವಳೂ ನಾನೇ.

“ಹಂಗಾರೆ ಏನ್ ಮಾಡಾಣಂತೀರಿ?” ಎಂದರು.

“ನಾವು ಇಲ್ಲೇ ಇರ್ತೇವೆ” ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಮಗಳು ಗಂಟಿನ ಮೇಲಿನ ಕೈ ತೆಗೆಯದೆ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು. ಆಡಿದ ಮಾತನ್ನು ಇನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಗಂಡ ಡೊಂಬಿವಲಿಗೆ ಹೋದರು. ನಾನು, ಮಗಳು ಇಲ್ಲೇ ಉಳಿದೆವು. ನಾದಿನಿ ಫೋನಿನಲ್ಲಿ “ಒಂದು ಮೇಕೆಗೋಸ್ಕರ ಗಂಡನನ್ನ ಬಿಟ್ಟು ಕೂತಿದ್ದೀಯಾ?” ಎಂದು ಕೇಳಿದರು. ಮೇಕೆಗಲ್ಲ ಎಂದೆ. ಪಾಲಕರ ಸಭೆಯ ಆ ಆಪ್ತಸಮಾಲೋಚಕಿ ಸಿಕ್ಕರೆ ಮಾತ್ರ ಒಂದು ಮಾತು ಹೇಳುವುದಿದೆ. ಮಕ್ಕಳಿಗೆ ಪ್ರಾಣಿ ಕೊಡಿಸಿ ಎಂದು ಹೇಳುವಾಗ, ಅದರ ವಿಷಯದಲ್ಲಿ ಮಗು ಕೊಡುವ ಮಾತಿಗೆ ದೊಡ್ಡವರು ತಮ್ಮ ಬದುಕನ್ನು ಬಗ್ಗಿಸಲು ತಯಾರಿದ್ದಾರೆಯೇ ಎಂದು ಮೊದಲು ಕೇಳಿ. ತಯಾರಿಲ್ಲದಿದ್ದರೆ ಗೊಂಬೆ ಕೊಡಿಸಿ. ಗೊಂಬೆಗೆ ಯಾರ ಮಾತೂ ಬೇಡ.

ಅಲ್ಲಿ ನಾನೀಗ ಹಳ್ಳಿಯವಳಾಗಿಬಿಟ್ಟೆ ಎನ್ನುತ್ತಾರೆ. ಇಲ್ಲಿ ನನ್ನನ್ನು ಇನ್ನೂ ಬೊಂಬಾಯಿ ಅಕ್ಕಾರು ಎಂದೇ ಕರೆಯುತ್ತಾರೆ. ಗಂಡ ಫೋನಿನಲ್ಲಿ “ಮನೆಗೆ ಯಾವಾಗ ಬರ್ತೀರಿ?” ಎಂದು ಕೇಳಿದಾಗ, ಮನೆಯಲ್ಲೇ ಇದ್ದೇವಲ್ಲ ಎಂದು ಒಮ್ಮೆ ಅಂದುಬಿಟ್ಟೆ. ಆ ಸಂಜೆ ಜೋರು ಮಳೆ. ಮಗಳು ತಲೆಗೆ ಗೊಬ್ಬರದ ಚೀಲ ಹೊದ್ದು ಸೊಪ್ಪಿಗೆ ಹೊರಟಿದ್ದಳು. ಅವಳನ್ನೇ ನಿಲ್ಲಿಸಿ ಕೇಳಿದೆ, ನಮ್ಮೂರು ಯಾವುದು ಮೈತ್ರಿ, ಅದಾ, ಇದಾ?

“ಆಡು ಈದ ಮೇಲೆ ಹೇಳ್ತೀನಮ್ಮ” ಎಂದು ಅವಳು ಮಳೆಯಲ್ಲಿ ಇಳಿದು ಹೋದಳು.